ಮುಟ್ಟುವ ಆಟ, ಮುಟ್ಟಬಾರದ ಕಾಲ

1

ಸಾಂಕ್ರಾಮಿಕ ರೋಗ ಊರಿಗೆ ಬಂದಾಗ ಹೈಸ್ಕೂಲು ಮಕ್ಕಳ ಆಟೋಟ ನಡೆಯಬೇಕೋ, ನಿಲ್ಲಬೇಕೋ? ಈ ಪ್ರಶ್ನೆ ಕೇಳಿದೊಡನೆ ಉಳ್ಳವರ ಪಡಸಾಲೆಯಿಂದ ಒಂದು ಉತ್ತರ ತಯಾರಾಗಿಯೇ ಬರುತ್ತದೆ: ಜೀವ ಮೊದಲು, ಆಟ ಆಮೇಲೆ. ಮಾತು ಖರೇ ಐತಿ. ಜೀವ ಮೊದಲು ಅನ್ನೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇನೆ ಬಂದಾಗೆಲ್ಲ ಹೆಚ್ಚು ಹೆಣ ಎದ್ದದ್ದು ನಮ್ಮ ಕೇರಿಗಳಿಂದ. ಊರವರ ಹೆಣಕ್ಕೆ ಕುಣಿ ತೋಡಿದವರೂ ನಾವೇ. ಆದರೆ ಈ ಉತ್ತರದ ಹಿಂದೆ ಬೇರೆ ಪ್ರಶ್ನೆಗಳು ಅಡಗಿ ಕೂತಿವೆ. ಯಾರ ಜೀವ? ಯಾರ ಆಟ? ನಿಲ್ಲಿಸುವವರು ಯಾರು, ನಿಲ್ಲುವವರು ಯಾರು? ಇವನ್ನು ಕೇಳದೆ 'ಜೀವ ಮೊದಲು' ಅಂದರೆ ಅದು ನೀತಿಯ ಮಾತಾಗುವುದಿಲ್ಲ, ಬರೀ ಹುಕುಂ ಆಗುತ್ತದೆ.

ಕೋವಿಡ್ ಮುಗಿದು ಹೋಯಿತಲ್ಲ, ಈಗ್ಯಾಕ ಈ ಮಾತು ಅನ್ನುವವರಿದ್ದಾರೆ. ಹೌದು, ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಸತ್ತವರ ಲೆಕ್ಕವನ್ನು ಹೇಗೋ ಒಂದು ರೀತಿ ಹಾಕಿದರು. ಕಳೆದುಹೋದ ಪಾಠದ ಲೆಕ್ಕವನ್ನೂ ಹಾಕಿದರು. ಕಳೆದುಹೋದ ಆಟದ ಲೆಕ್ಕವನ್ನು ಮಾತ್ರ ಯಾರೂ ಕೇಳಲಿಲ್ಲ. ಆಟ ಕಳೆದರೆ ಏನು ಕಳೆದಂತಾಯಿತು, ಅದೇನು ಅನ್ನವೇ, ಅಕ್ಷರವೇ ಎಂಬ ಉದಾಸೀನ. ಈ ಉದಾಸೀನ ರೋಗದ ಜೊತೆ ಬಂದದ್ದಲ್ಲ, ರೋಗದ ಜೊತೆ ಹೋಗಿಯೂ ಇಲ್ಲ. ಅದಕ್ಕೇ ಈಗ ಈ ಮಾತು.

ನಮ್ಮ ಬೆಳಗಾವಿಯ ನೆಹರು ನಗರದಲ್ಲಿ ಕೆಎಲ್‌ಇ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜು ಇದೆ. ಅದೇ ನೆಹರು ನಗರದಲ್ಲಿ ಜಿಲ್ಲಾ ಕ್ರೀಡಾಂಗಣವೂ ಇದೆ. ರೋಗಿಯ ಹಾಸಿಗೆ, ಓಟಗಾರನ ಹಾದಿ ಎರಡೂ ಒಂದೇ ಬಡಾವಣೆಯಲ್ಲಿ. ಈ ಎರಡರ ನಡುವಿನ ರಸ್ತೆಯಲ್ಲಿ ನಿಂತು, ಎರಡೂ ಕಡೆಗೆ ಮುಖ ಮಾಡಿ ಈ ಪ್ರಶ್ನೆಯನ್ನು ಯೋಚಿಸಬೇಕು. ಒಂದಕ್ಕೆ ಬೆನ್ನು ಕೊಟ್ಟು ಇನ್ನೊಂದರ ಪರ ಮಾತಾಡುವುದು ಸುಲಭ. ಸುಲಭವಾದದ್ದು ನಮಗೆ ಬೇಡ.

2

ಮೊದಲು ನಿಂತದ್ದೇನು, ನಿಲ್ಲದ್ದೇನು ಅಂತ ನೋಡೋಣ.

2020ರ ಮಾರ್ಚ್ 25ರಿಂದ ದೇಶಕ್ಕೇ ಬೀಗ. ಶಾಲೆಗಳು ಅದಕ್ಕೂ ಮೊದಲೇ ಮುಚ್ಚಿದ್ದವು. ಶಾಲೆ ಮುಚ್ಚಿದ ಮೇಲೆ ಅದರ ಬಯಲೂ ಮುಚ್ಚಿದ ಹಾಗೇ. ಸರಕಾರಿ ಹೈಸ್ಕೂಲಿನ ಹುಡುಗ ಹುಡುಗಿಯರಿಗೆ ಆಟ ಅನ್ನೋದು ಒಂದು ಏಣಿ. ಮಳೆಗಾಲದಲ್ಲಿ ಸುತ್ತಲಿನ ಶಾಲೆಗಳ ನಡುವೆ ಪಂದ್ಯ. ಅಲ್ಲಿ ಗೆದ್ದರೆ ತಾಲೂಕು, ತಾಲೂಕು ಗೆದ್ದರೆ ಜಿಲ್ಲೆ, ಆಮೇಲೆ ವಿಭಾಗ, ಆಮೇಲೆ ರಾಜ್ಯ. ಜಾಂಬೋಟಿ, ಕಣಕುಂಬಿ ಕಡೆಯ ಕಾಡಂಚಿನ ಹುಡುಗಿ ಮನೆಯವರಿಲ್ಲದೆ ಒಂದು ರಾತ್ರಿ ಬೆಳಗಾವಿಯಲ್ಲಿ ಉಳಿಯುವುದು ಈ ಏಣಿ ಹತ್ತಿದಾಗ ಮಾತ್ರ. ಈ ಏಣಿಗೆ ವಯಸ್ಸಿನ ಮೆಟ್ಟಿಲುಗಳಿವೆ: ಹದಿನಾಲ್ಕರ ಒಳಗೆ, ಹದಿನೇಳರ ಒಳಗೆ. ಒಂದು ವರ್ಷ ತಪ್ಪಿದರೆ ಮುಂದಿನ ವರ್ಷ ನೋಡೋಣ ಅನ್ನುವಂತಿಲ್ಲ. ಪಾಠ ತಪ್ಪಿದರೆ ಮತ್ತೆ ಓದಬಹುದು, ಪರೀಕ್ಷೆ ಹೋದರೆ ಮತ್ತೆ ಕಟ್ಟಬಹುದು. ಹದಿನಾರನೇ ವಯಸ್ಸಿಗೆ ಸಪ್ಲಿಮೆಂಟರಿ ಇಲ್ಲ. ರಾಷ್ಟ್ರಮಟ್ಟದ ಶಾಲಾ ಕ್ರೀಡಾಕೂಟ 2019-20ರ ನಂತರ ಮತ್ತೆ ನಡೆದದ್ದು 2023ರ ಜೂನಿನಲ್ಲಿ, ದೆಹಲಿ, ಭೋಪಾಲ, ಗ್ವಾಲಿಯರುಗಳಲ್ಲಿ. 2020ರಲ್ಲಿ ಒಂಬತ್ತನೇ ಇಯತ್ತೆಯಲ್ಲಿದ್ದ ಮಕ್ಕಳು ಅಷ್ಟೊತ್ತಿಗೆ ಹೈಸ್ಕೂಲು ದಾಟಿ, ಕೆಲವರು ಓದನ್ನೇ ದಾಟಿ, ಕೂಲಿ ಲೆಕ್ಕದ ಪುಸ್ತಕಕ್ಕೆ ಬಂದಾಗಿತ್ತು.

ನಿಲ್ಲದೇ ಇದ್ದದ್ದೇನು? 2020ರ ಜೂನ್ 25ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಯಿತು. ಸುಮಾರು 8.48 ಲಕ್ಷ ಮಕ್ಕಳು ಹೆಸರು ಕೊಟ್ಟಿದ್ದರು. ಅಂತರ ಬಿಟ್ಟು ಬೆಂಚು ಹಾಕಿ, ಬಾಗಿಲಲ್ಲಿ ಜ್ವರ ನೋಡಿ, ಮುಖಗವಸು ಕೊಟ್ಟು ಪರೀಕ್ಷೆ ನಡೆಸಿದರು. ಮಾಡಬೇಕೆಂದು ಮನಸ್ಸಿದ್ದರೆ ಮಾಡಲು ಬರುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಐಪಿಎಲ್ ನಿಲ್ಲಲಿಲ್ಲ; 2020ರ ಸೆಪ್ಟೆಂಬರಿನಲ್ಲಿ ವಿಮಾನ ಹತ್ತಿ ಅರಬರ ನಾಡಿಗೆ ಹೋಯಿತು. ಮರುವರ್ಷ ಏಪ್ರಿಲ್ 9ಕ್ಕೆ, ಎರಡನೇ ಅಲೆ ಎದ್ದು ನಿಂತಿದ್ದಾಗ, ಇಲ್ಲೇ ಶುರುವಾಯಿತು. ಬಯೋ ಬಬಲ್ ಎಂಬ ಗುಳ್ಳೆ ಒಡೆದು ಆಟಗಾರರಿಗೇ ರೋಗ ತಗಲಿದ ಮೇಲೆ ಮೇ 4ಕ್ಕೆ ನಿಂತಿತು. ಉಳಿದ ಪಂದ್ಯಗಳನ್ನು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮತ್ತೆ ಅರಬರ ನಾಡಿನಲ್ಲಿ ಆಡಿ ಮುಗಿಸಿದರು. ರೊಕ್ಕ ಇದ್ದ ಆಟ ದೇಶ ದಾಟಿ ಆಡಿತು. ರೊಕ್ಕ ಇಲ್ಲದ ಆಟ ಕೇರಿ ದಾಟಲಿಲ್ಲ.

ರಾಜಕೀಯ ನಿಂತಿತೇ? 2021ರ ಜನವರಿ 17ರಂದು ನಮ್ಮ ಜಿಲ್ಲಾ ಕ್ರೀಡಾಂಗಣದಲ್ಲೇ ಆಗಿನ ಆಡಳಿತ ಪಕ್ಷದ ಜನಸೇವಕ ಸಮಾವೇಶ ನಡೆಯಿತು. ಕೇಂದ್ರದ ಗೃಹಮಂತ್ರಿಗಳೇ ಬಂದು ಭಾಷಣ ಮಾಡಿದರು. ಶಾಲಾ ಕ್ರೀಡಾಕೂಟವಿಲ್ಲದ ಅದೇ ವರ್ಷ, ಮಕ್ಕಳು ಓಡಬೇಕಾದ ಅದೇ ನೆಲದ ಮೇಲೆ ಕುರ್ಚಿಗಳು ಸಾಲುಗಟ್ಟಿದವು. 2020ರ ಸೆಪ್ಟೆಂಬರ್ 23ರಂದು ನಮ್ಮ ಸಂಸದರೂ ಕೇಂದ್ರ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು ಕೋವಿಡ್‌ನಿಂದಲೇ ತೀರಿಕೊಂಡಿದ್ದರು. ಅವರಿಂದ ತೆರವಾದ ಜಾಗಕ್ಕೆ 2021ರ ಏಪ್ರಿಲ್ 17ರಂದು, ರೋಗ ದಿನದಿನಕ್ಕೂ ಏರುತ್ತಿದ್ದಾಗ, ಉಪಚುನಾವಣೆ ನಡೆಸಿದರು. ರೋಗ ಒಯ್ದವರ ಜಾಗ ತುಂಬಲಿಕ್ಕೆ ರೋಗದ ನಡುವೆಯೇ ಮೆರವಣಿಗೆ. ಇದು ಒಂದೇ ಪಕ್ಷದ ಪಾಪವಲ್ಲ. 2022ರ ಜನವರಿ 9ಕ್ಕೆ, ಮೂರನೇ ಅಲೆಯ ನಡುವೆ, ವಿರೋಧ ಪಕ್ಷದವರು ಮೇಕೆದಾಟು ಪಾದಯಾತ್ರೆ ಹೊರಟರು. ಹೈಕೋರ್ಟು ಗದರಿದ ಮೇಲೆ ನಿಲ್ಲಿಸಿದರು.

ಇಷ್ಟನ್ನು ಹೇಳಿದ್ದು, ಅವರು ಮಾಡಿದರು ಅದಕ್ಕೆ ನಾವೂ ಮಾಡ್ತೀವಿ ಅನ್ನುವ ಹಟಕ್ಕಲ್ಲ. ಒಬ್ಬ ಕೆರೆಗೆ ಹಾರಿದ ಅಂತ ಇನ್ನೊಬ್ಬ ಹಾರುವುದು ನ್ಯಾಯವಲ್ಲ. ಆದರೆ 'ಜೀವ ಮೊದಲು' ಎಂಬ ತಕ್ಕಡಿಯನ್ನು ಇವರು ಎಲ್ಲರ ಮುಂದೂ ಹಿಡಿಯಲಿಲ್ಲ. ಪರೀಕ್ಷೆ ಬೇಕೇ ಬೇಕು ಅಂದರು, ಕಾಯ್ದುಕೊಂಡರು. ವೋಟು ಬೇಕೇ ಬೇಕು ಅಂದರು, ಕಣ್ಣು ಮುಚ್ಚಿಕೊಂಡರು. ಆಟ ಮಾತ್ರ ಯಾರಿಗೂ ಬೇಕಿರಲಿಲ್ಲ. ಹಾಗಾಗಿ ಬೀಗ ಹಾಕುವಾಗ ಅದು ಮೊದಲನೆಯದಾಯಿತು, ತೆಗೆಯುವಾಗ ಕೊನೆಯದಾಯಿತು.

3

ಈಗ ಇನ್ನೊಂದು ಕಡೆಗೆ ಮುಖ ಮಾಡೋಣ. ಆಟ ನಿಲ್ಲಬೇಕು ಅನ್ನುವ ವಾದದ ಅತಿ ಗಟ್ಟಿಯಾದ ರೂಪ ಉಳ್ಳವರ ಬಾಯಲ್ಲಿಲ್ಲ, ನಮ್ಮ ಮನೆಯೊಳಗೇ ಇದೆ.

ನಮ್ಮ ಮನೆ ಅಂದರೆ ಒಂದು ಖೋಲಿ. ಅಲ್ಲೇ ಒಲೆ, ಅಲ್ಲೇ ಹಾಸಿಗೆ, ಅಲ್ಲೇ ಕೆಮ್ಮುವ ಅಜ್ಜಿ. ಹದಿನೈದರ ಹುಡುಗ ಕಬಡ್ಡಿ ಆಡಿ ಬಂದರೆ ಅವನಿಗೆ ಏನೂ ಆಗದೇ ಹೋಗಬಹುದು. ಒಂದು ದಿನ ಮೈ ಬಿಸಿ, ಎರಡು ದಿನ ಮೂಗು ಸೋರುವುದು. ಅವನು ಉಸಿರಿನಲ್ಲಿ ಹೊತ್ತು ತಂದದ್ದು ಬಗಲಲ್ಲಿ ಮಲಗಿದ ಅಜ್ಜಿಗೆ ತಗಲಿದರೆ ಆಕೆಗೆ ಬೇರೆ ಖೋಲಿ ಎಲ್ಲಿದೆ? ಖಾನಾಪುರದ ಪಶ್ಚಿಮದ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಹಳ್ಳ ತುಂಬಿದರೆ ರೋಗಿಯನ್ನು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತರಬೇಕು. ಅಲ್ಲಿಂದ ಬೆಳಗಾವಿ. ಅಲ್ಲಿ ಹಾಸಿಗೆ ಸಿಗಬೇಕು, ಆಕ್ಸಿಜನ್ ಸಿಗಬೇಕು. ದೊಡ್ಡ ಮನೆಯ ಹುಡುಗ ಆಡಿ ಬಂದು ತನ್ನ ಖೋಲಿಯ ಬಾಗಿಲು ಹಾಕಿಕೊಳ್ಳಬಲ್ಲ. ಒಂದೇ ಆಟ, ಎರಡು ಮನೆ, ಎರಡು ಬೆಲೆ.

ಇದು ಇವತ್ತಿನ ಕತೆಯಲ್ಲ. 1918ರ ಇನ್‌ಫ್ಲುಯೆಂಜಾ ಬಂದಾಗ ಮುಂಬೈ ನಗರದ ಸಾವುಗಳನ್ನು ಜಾತಿ ಜನಾಂಗದ ಪ್ರಕಾರ ಲೆಕ್ಕ ಹಾಕಿದ್ದರು. ಯುರೋಪಿಯನ್ನರಲ್ಲಿ ಸಾವಿರಕ್ಕೆ 8.3 ಮಂದಿ ಸತ್ತರು. ಮೇಲಿನ ಹಿಂದೂಗಳಲ್ಲಿ 18.9. ಕೆಳಜಾತಿ ಎಂದು ಅವರು ಬರೆದುಕೊಂಡ ನಮ್ಮವರಲ್ಲಿ 61.6. ವೈರಾಣುವಿಗೆ ಜಾತಿ ಗೊತ್ತಿರಲಿಲ್ಲ. ಚಾಳುಗಳಿಗೆ, ಗಟಾರಗಳಿಗೆ, ಆಸ್ಪತ್ರೆಯ ಬಾಗಿಲುಗಳಿಗೆ ಗೊತ್ತಿತ್ತು. ನಮ್ಮ ಬೆಳಗಾವಿ, ಧಾರವಾಡ ಆಗ ಅದೇ ಮುಂಬೈ ಪ್ರಾಂತದೊಳಗೆ ಇದ್ದವು. ಅದಕ್ಕೂ ಮುಂಚೆ 1897ರಲ್ಲಿ ಪುಣೆಯ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆ ರೋಗಿಗಳ ಸೇವೆ ಮಾಡುತ್ತಲೇ ರೋಗ ತಗಲಿಸಿಕೊಂಡು ಮಾರ್ಚ್ 10ರಂದು ತೀರಿಕೊಂಡರು. ಪ್ಲೇಗು ಬಡಿದ ಮಹಾರರ ಹುಡುಗನೊಬ್ಬನನ್ನು ಆಕೆ ತಾನೇ ಹೊತ್ತು ದವಾಖಾನೆಗೆ ಒಯ್ದಿದ್ದರು. ಊರು ಮುಟ್ಟದ ಮಗುವನ್ನು ಮುಟ್ಟಿದ ತಾಯಿ ಆಕೆ. ಆಕೆಯ ಹೆಸರು ಹೇಳುವ ನಾವು ರೋಗದ ಬಗ್ಗೆ ಹಗುರಾಗಿ ಮಾತಾಡುವಂತಿಲ್ಲ. ಆಟದ ಹುರುಪಿಗೆ ಅಜ್ಜಿಯ ಉಸಿರನ್ನು ಪಣಕ್ಕಿಡುವ ಹಕ್ಕು ಯಾವ ಮೊಮ್ಮಗನಿಗೂ ಇಲ್ಲ. ಇದು ನಮ್ಮ ಮೊದಲ ಮಾತು, ಇದರಲ್ಲಿ ರಾಜಿ ಇಲ್ಲ.

ಹಾಗಾದರೆ ವಾದ ಮುಗಿಯಿತೇ? ಮುಗಿಯಲಿಲ್ಲ. ಯಾಕೆಂದರೆ ಆಟ ನಿಲ್ಲಿಸಿದಾಗ ಮಕ್ಕಳು ಮನೆಯಲ್ಲಿ ಉಳಿದರು ಅನ್ನೋದೇ ಸುಳ್ಳು. ಪೇಟೆಯ ಮಗು ಮನೆಯಲ್ಲಿ ಉಳಿಯಿತು. ನಮ್ಮ ಮಗು ಕೆಲಸಕ್ಕೆ ಹೋಯಿತು. ಒಕ್ಕಲುತನದ ಕೆಲಸಕ್ಕೆ ಲಾಕ್‌ಡೌನಿನಲ್ಲೂ ವಿನಾಯಿತಿ ಇತ್ತು. ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಇಪ್ಪತ್ತು ಮಂದಿ ಮೈಗೆ ಮೈ ಹತ್ತಿಸಿ ಕಬ್ಬಿನ ಹೊಲಕ್ಕೆ ಹೋದಾಗ ಅಲ್ಲಿ ಅಂತರ ಅಳೆಯುವವರು ಯಾರೂ ಇರಲಿಲ್ಲ. ಇಟ್ಟಂಗಿ ಭಟ್ಟಿಯಲ್ಲಿ, ಗೌಂಡಿ ಕೆಲಸದಲ್ಲಿ, ದನದ ಹಿಂದೆ ಹೋದರು. ದುಡಿಯಲು ಹೋಗಿ ತಂದ ಸೋಂಕಿಗೆ ಯಾರೂ ಆಕ್ಷೇಪಣೆ ಎತ್ತಲಿಲ್ಲ. ಆಡಲು ಹೋಗಿ ತರಬಹುದಾದ ಸೋಂಕಿಗೆ ಇಡೀ ವ್ಯವಸ್ಥೆ ಹೆದರಿತು. ಹುಡುಗಿಯರ ಕತೆ ಇನ್ನೂ ಬೇರೆ. ಕೋವಿಡ್ ಕಾರಣದಿಂದ ಈ ದಶಕದಲ್ಲಿ ಹೆಚ್ಚುವರಿಯಾಗಿ ಒಂದು ಕೋಟಿ ಹುಡುಗಿಯರು ಬಾಲ್ಯವಿವಾಹದ ಅಪಾಯಕ್ಕೆ ಬೀಳಬಹುದೆಂದು ಯುನಿಸೆಫ್ 2021ರ ಮಾರ್ಚಿನಲ್ಲಿ ಹೇಳಿತು. ಅದು ಇಡೀ ಜಗತ್ತಿನ ಲೆಕ್ಕ. ನಮ್ಮಲ್ಲಿ ಅದು ಹೇಗೆ ನಡೆಯುತ್ತದೆ ಅಂತ ನಮಗೆ ಲೆಕ್ಕ ಬೇಕಿಲ್ಲ. ಶಾಲೆ ಇಲ್ಲ, ಆಟ ಇಲ್ಲ, 'ಹುಡುಗಿ ಖಾಲಿ ಕುಂತಾಳ, ಒಂದು ಅಕ್ಕಿಕಾಳು ಹಾಕಿಬಿಡೂಣು' ಅಂತಾರ. ತಾಲೂಕು ತಂಡದಲ್ಲಿದ್ದ ಹುಡುಗಿಯ ಅಪ್ಪ 'ಜಿಲ್ಲಾ ಮ್ಯಾಚ್ ಮುಗೀಲಿ ತಡೀರಿ' ಅಂತ ಬೀಗರಿಗೆ ಹೇಳುವುದುಂಟು. ಮ್ಯಾಚೇ ಇಲ್ಲದಿದ್ದರೆ ತಡೆಯಲಿಕ್ಕೆ ಅವನ ಹತ್ತಿರ ಯಾವ ನೆಪವಿದೆ?

ಆದ್ದರಿಂದ ನಮ್ಮ ಎದುರಿನ ಆಯ್ಕೆ ಆಟವೋ ಸುರಕ್ಷಿತ ಮನೆಯೋ ಎಂಬುದಲ್ಲ. ಆಟವೋ ಕೂಲಿಯೋ, ಆಟವೋ ಮದುವೆಯೋ ಎಂಬುದು. ತೀರ್ಮಾನ ಮಾಡುವವರ ಮನೆಯಲ್ಲಿ ಮೊದಲನೆಯ ಆಯ್ಕೆ ಇತ್ತು, ನಮ್ಮ ಮನೆಯಲ್ಲಿ ಎರಡನೆಯದಿತ್ತು. ಅವರು ತಮ್ಮ ಮನೆಯನ್ನು ನೋಡಿ ನಮಗೆ ಕಾನೂನು ಮಾಡಿದರು.

4

ಇಲ್ಲಿ ನಮ್ಮದೇ ಬಳಗದ ಗೆಳೆಯರು ಒಂದು ಮಾತು ಎತ್ತುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಆಟ ಯಾಕ? ಜನರ ಸಿಟ್ಟನ್ನು ಮೈದಾನದೊಳಗೆ ಆವಿ ಮಾಡಿಬಿಡುವ ಬಂಡವಾಳಶಾಹಿಯ ತಂತ್ರವಲ್ಲವೇ ಕ್ರೀಡೆ? ಟೀವಿಯ ಕ್ರಿಕೆಟ್ಟಿನ ಬಗ್ಗೆ ಈ ಮಾತು ಮುಕ್ಕಾಲು ಪಾಲು ನಿಜ. ಆದರೆ ನೋಡುವ ಆಟ ಬೇರೆ, ಆಡುವ ಆಟ ಬೇರೆ. ಆಡುವ ಆಟ ನಮಗೆ ಏನು ಕೊಟ್ಟಿದೆ ಅಂತ ಗೆಳೆಯರು ಸ್ವಲ್ಪ ಕೂತು ಕೇಳಬೇಕು.

ಕಬಡ್ಡಿಯನ್ನೇ ತಗೊಳ್ರಿ. ನಮ್ಮ ಕಡೆ ಹುತುತು ಅಂತಿದ್ದರು. ಅದರ ನಿಯಮವೇನು? ಮುಟ್ಟಬೇಕು. ಮುಟ್ಟಿ ಬಂದವನು ಗೆದ್ದ, ಮುಟ್ಟಿಸಿಕೊಂಡವನು ಔಟ್. ಹಿಡಿಯುವವರು ಕಾಲು ಹಿಡಿಯಬೇಕು, ಸೊಂಟ ಹಿಡಿಯಬೇಕು, ಮೈಮೇಲೆ ಬೀಳಬೇಕು. ಶಾಸ್ತ್ರಗಳು ಮುಟ್ಟಬೇಡ ಅಂದ ಮೈಯನ್ನು ಮುಟ್ಟದೇ ಈ ಆಟ ಆಡಲು ಬರುವುದಿಲ್ಲ. ಗೌಡರ ಮನೆಯ ಹುಡುಗ ನಮ್ಮ ಹುಡುಗನ ಬೆವರನ್ನು ತನ್ನ ಮೈಗೆ ಒರೆಸಿಕೊಂಡು ಹೋಗುವ ಜಾಗ ಊರಲ್ಲಿ ಮತ್ತೆ ಯಾವುದಿದೆ? ಗುಡಿಯೇ? ಬಾವಿಯೇ? ಚಾದಂಗಡಿಯೇ? ಆಟ ಮುಗಿದ ಮೇಲೆ ಅವನು ಮನೆಯಲ್ಲಿ ನೀರು ಹೊಯ್ದುಕೊಳ್ಳಬಹುದು, ಅದು ಬೇರೆ. ಆ ನಲವತ್ತು ನಿಮಿಷ ನೆಲದ ಮೇಲೆ ಎಳೆದ ಗೆರೆ ಒಂದೇ ಗೆರೆ. ಊರಿಗೂ ಕೇರಿಗೂ ನಡುವೆ ಎಳೆದ ಗೆರೆಯನ್ನು ಅದು ಅಷ್ಟು ಹೊತ್ತು ಅಳಿಸಿರುತ್ತದೆ.

ಈ ಕಾರಣಕ್ಕೇ ಕೋವಿಡ್ ತಂದ ಒಂದು ಪದ ನಮ್ಮ ಕಿವಿಗೆ ಕಾದ ಸೀಸದ ಹಾಗೆ ಬಿತ್ತು: ಸಾಮಾಜಿಕ ಅಂತರ. ರೋಗ ತಡೆಯಲು ಬೇಕಾದದ್ದು ಮೈಮೈಗಳ ನಡುವೆ ಒಂದಿಷ್ಟು ದೂರ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚಿನಲ್ಲೇ ಆ ಪದ ಬಿಟ್ಟು ದೈಹಿಕ ಅಂತರ ಅನ್ನತೊಡಗಿತು. ನಮ್ಮಲ್ಲಿ ಮಾತ್ರ ಗೋಡೆಗೋಡೆಯ ಮೇಲೂ ಸಾಮಾಜಿಕ ಅಂತರ ಕಾಪಾಡಿ. ಅದನ್ನು ಎರಡು ಸಾವಿರ ವರ್ಷದಿಂದ ಕಾಪಾಡಿಕೊಂಡೇ ಬಂದಿದ್ದೀರಲ್ಲ ಸ್ವಾಮಿ, ಇನ್ನೂ ಎಷ್ಟು ಕಾಪಾಡಬೇಕು? ನಮಗೆ ಹೆದರಿಕೆ ಇದ್ದದ್ದು ವೈರಾಣುವಿನ ಬಗ್ಗೆ ಮಾತ್ರ ಅಲ್ಲ. ರೋಗದ ದೂರ ತಾತ್ಕಾಲಿಕ, ಜಾತಿಯ ದೂರ ಶಾಶ್ವತ. ಮೊದಲನೆಯದರ ಅಂಗಿ ತೊಟ್ಟು ಎರಡನೆಯದು ಒಳಗೆ ಬಂದರೆ ಹಿಡಿಯುವವರು ಯಾರು? 2020ರ ಆಗಸ್ಟಿನಲ್ಲಿ ಸರಕಾರ ವಿದ್ಯಾಗಮ ಅಂತ ತಂದು ಮಕ್ಕಳನ್ನು ಗಿಡದ ನೆರಳಿಗೆ, ಸಮುದಾಯ ಭವನಕ್ಕೆ, ಗುಡಿಯ ಕಟ್ಟೆಗೆ ಕರೆಯಿತು. ಯೋಜನೆ ಕೆಟ್ಟದ್ದಲ್ಲ. ಆದರೆ ಗುಡಿಯ ಕಟ್ಟೆ ಹತ್ತಲು ಬಾರದ ಮಕ್ಕಳು ಎಲ್ಲಿ ಕೂಡಬೇಕು ಅಂತ ಆ ಯೋಜನೆ ಬರೆದವರಿಗೆ ಹೊಳೆಯಲಿಲ್ಲ. ಶಾಲೆಯ ಬಯಲು ಯಾರ ಗುಡಿಯೂ ಅಲ್ಲ. ಅದು ಮುಚ್ಚಿದಾಗ ಎಲ್ಲರಿಗೂ ಸೇರಿದ್ದೊಂದು ಮುಚ್ಚಿತು. ವಿದ್ಯಾಗಮವೂ ಮಾಸ್ತರರಿಗೆ, ಮಕ್ಕಳಿಗೆ ಸೋಂಕು ಕಂಡು ಅಕ್ಟೋಬರಿಗೆ ನಿಂತಿತು.

ಆಟ ಜಾತಿಯನ್ನು ಅಳಿಸಿಬಿಡುತ್ತದೆ ಅಂತ ನಾವು ಹೇಳುತ್ತಿಲ್ಲ. ಪಾಲ್ವಣಕರ ಬಾಲೂನ ಕತೆ ನೋಡಿ. ಚಮ್ಮಾರರ ಮಗ, ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲೇ. ಪುಣೆಯ ದೊರೆಗಳ ಕ್ಲಬ್ಬಿನಲ್ಲಿ ಪಿಚ್ಚು ಹಸನು ಮಾಡುವ ಆಳಾಗಿ ಸೇರಿ, ದೊರೆಗಳ ಬ್ಯಾಟಿಂಗ್ ತಾಲೀಮಿಗೆ ಚೆಂಡು ಎಸೆಯುತ್ತ ಎಸೆಯುತ್ತ ದೇಶದ ದೊಡ್ಡ ಬೌಲರ್ ಆದ. ಹಿಂದೂಗಳ ತಂಡಕ್ಕೆ ಅವನ ಕೈಯ ಚೆಂಡು ಬೇಕಾಗಿತ್ತು. ಆದರೆ ಚಹದ ಹೊತ್ತಿಗೆ ಅವನಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹ, ಊಟಕ್ಕೆ ಬೇರೆ ತಾಟು. ಅವನು ಮುಟ್ಟಿದ ಚೆಂಡನ್ನು ಹಿಡಿಯಬಹುದು, ಅವನು ಮುಟ್ಟಿದ ಕಪ್ಪನ್ನು ಮುಟ್ಟಬಾರದು. 1896ರ ಪ್ಲೇಗಿನ ಕಾಲದಲ್ಲಿ ಅವನು ಪುಣೆ ಬಿಟ್ಟು ಮುಂಬೈಗೆ ಹೋದ. ಪ್ಲೇಗು ಮುಂಬೈಯಲ್ಲೂ ಇತ್ತು. ಅವನು ಅಲ್ಲೂ ಆಡಿದ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ಆ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತು ಬಂದ. ಹಿಂದೂ ತಂಡದ ನಾಯಕನ ಪಟ್ಟ ಅವನಿಗೆ ಕೊಡಲಿಲ್ಲ. ಅವನ ತಮ್ಮ ವಿಠ್ಠಲನಿಗೆ ಕೊಡಲು 1923ರ ತನಕ ಕಾದರು. ಆಟ ಜಾತಿಯನ್ನು ಕೊಲ್ಲಲಿಲ್ಲ. ಆದರೆ ಜಾತಿ ಉತ್ತರ ಹೇಳಲಾಗದ ಒಂದು ಪ್ರಶ್ನೆಯನ್ನು ಎಲ್ಲರೂ ನೋಡುವ ಹಾಗೆ ಬಯಲಲ್ಲಿ ಇಟ್ಟಿತು.

ನೂರಾ ಹತ್ತು ವರ್ಷದ ಮೇಲೆ ಅದೇ ಪ್ರಶ್ನೆ ವಂದನಾ ಕಟಾರಿಯಾಳ ಬಾಗಿಲಿಗೆ ಬಂತು. 2021ರ ಮೇ ತಿಂಗಳಲ್ಲಿ ಆಕೆ ಬೆಂಗಳೂರಿನ ತರಬೇತಿ ಶಿಬಿರದಲ್ಲಿದ್ದಾಗ ಹರಿದ್ವಾರದ ಕಡೆಯ ಊರಲ್ಲಿ ಅಪ್ಪ ತೀರಿಕೊಂಡ. ರೋಗದ ಕಟ್ಟುಪಾಡು, ಹೊರಗೆ ಹೋದರೆ ಮತ್ತೆ ಒಳಗೆ ಬರುವುದು ಕಷ್ಟ. ಆಕೆ ಅಪ್ಪನ ಮುಖ ನೋಡಲು ಹೋಗಲಿಲ್ಲ. ಜುಲೈ 31ರಂದು ಟೋಕಿಯೋದಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಮೂರು ಗೋಲು ಹೊಡೆದಳು. ಒಲಿಂಪಿಕ್ಸ್ ಹಾಕಿಯಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಹೆಣ್ಣುಮಗಳು. ಆಗಸ್ಟ್ 4ಕ್ಕೆ ತಂಡ ಸೆಮಿಫೈನಲ್ ಸೋತಾಗ ಆಕೆಯ ಮನೆಯ ಮುಂದೆ ಮೇಲ್ಜಾತಿಯ ಗಂಡಸರು ಪಟಾಕಿ ಹಚ್ಚಿ ಕುಣಿದರು, ದಲಿತರು ಹೆಚ್ಚಾದ್ದಕ್ಕೇ ಸೋತಿತು ಅಂತ ಬೈದರು ಎಂದು ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ಸಾಂಕ್ರಾಮಿಕದ ನಡುವೆ ಆಡಿದ್ದಕ್ಕೆ ಯಾರು ಏನು ತೆತ್ತರು ಎಂಬ ಲೆಕ್ಕದಲ್ಲಿ ಈ ಹೆಣ್ಣುಮಗಳ ಹೆಸರನ್ನು ಮೊದಲು ಬರೆಯಬೇಕು. ಆಕೆ ಆಡದೇ ಇದ್ದಿದ್ದರೆ ಅಪ್ಪನ ಮುಖ ನೋಡುತ್ತಿದ್ದಳು. ಆಡಿದ್ದರಿಂದ ನಮ್ಮ ಹುಡುಗಿಯರು ಆಕೆಯ ಮುಖ ನೋಡಿದರು. ಇದರಲ್ಲಿ ಯಾವುದು ದೊಡ್ಡದು ಅಂತ ತೂಗಲು ನಮಗೆ ಅಧಿಕಾರವಿಲ್ಲ. ಆಯ್ಕೆ ಆಕೆಯದಾಗಿತ್ತು. ಅಷ್ಟು ಮಾತ್ರ ನೆನಪಿಡೋಣ.

5

ಆಯ್ಕೆ ಯಾರದು ಎಂಬಲ್ಲಿಗೆ ಬಂದೆವು. ನಮ್ಮ ಪ್ರಕಾರ ನೈತಿಕ ಪ್ರಶ್ನೆಯ ಬೇರು ಇಲ್ಲಿದೆ.

ನಮ್ಮ ಜಿಲ್ಲೆಯ ಗಡಿಗೆ ಹತ್ತಿಕೊಂಡ ಕಾಡಿನ ಸಿದ್ದಿಗಳ ಉದಾಹರಣೆ ಇದೆ. 1987ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆ ತಂದು ಸಿದ್ದಿ ಮಕ್ಕಳನ್ನು ಆಯ್ದು ತರಬೇತಿಗೆ ಒಯ್ದಿತು. ಕಮಲಾ ಸಿದ್ದಿಯಂಥ ಹರ್ಡಲ್ಸ್ ಓಟಗಾರ್ತಿ ಅಲ್ಲಿಂದ ಬಂದಳು. ಕೆಲವೇ ವರ್ಷ, 1990ರ ದಶಕದ ಮೊದಲ ಭಾಗದಲ್ಲೇ ಅದನ್ನು ಕೈಬಿಟ್ಟರು. ಆಗ ಯಾವ ಸಾಂಕ್ರಾಮಿಕವೂ ಇರಲಿಲ್ಲ. ಮಕ್ಕಳು ಕಾಡಿಗೆ, ಕೂಲಿಗೆ ಮರಳಿದರು. ಖಾನಾಪುರದಲ್ಲೂ ಸಿದ್ದಿಗಳಿದ್ದಾರೆ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸುವ ಕಾನೂನು ಆದದ್ದೇ 2020ರಲ್ಲಿ. ಹಕ್ಕಿನ ಕಾಗದ ಕೈಗೆ ಬರುವ ಹೊತ್ತಿಗೆ ಶಾಲೆಯ ಬಾಗಿಲು ಮುಚ್ಚಿತ್ತು. ನಮ್ಮ ಮಕ್ಕಳ ಆಟ ನಿಲ್ಲಿಸಲು ರೋಗವೇ ಬರಬೇಕಾಗಿಲ್ಲ, ಒಂದು ಫೈಲು ಮುಚ್ಚಿದರೆ ಸಾಕು. ಕೊಡುವಾಗ ಕೇಳುವುದಿಲ್ಲ, ಕಸಿಯುವಾಗಲೂ ಕೇಳುವುದಿಲ್ಲ. ರೋಗ ಬಂದಾಗ ಈ ಹಳೆಯ ಚಾಳಿಗೆ ವಿಜ್ಞಾನದ ಹೆಸರು ಸಿಕ್ಕಿತು, ಅಷ್ಟೇ.

ವಿಜ್ಞಾನದ ಮೇಲೆ ನಮಗೆ ಸಿಟ್ಟಿಲ್ಲ. ಡಾಕ್ಟರು ಅಪಾಯ ಎಷ್ಟು ಅಂತ ಹೇಳಬಲ್ಲರು. ಬಯಲಿನಲ್ಲಿ ಗಾಳಿಯಾಡುತ್ತದೆ, ಮುಚ್ಚಿದ ಖೋಲಿಗಿಂತ ಅಲ್ಲಿ ಸೋಂಕು ಕಡಿಮೆ ಹರಡುತ್ತದೆ ಅಂತ ಅವರೇ ಹೇಳಿದರು. ಎತ್ತರ ಜಿಗಿತ, ಗುಂಡು ಎಸೆತ, ಓಟ, ಇವುಗಳಲ್ಲಿ ಮೈಗೆ ಮೈ ತಾಗುವುದಿಲ್ಲ. ಕಬಡ್ಡಿ, ಕುಸ್ತಿಯಲ್ಲಿ ತಾಗದೇ ಆಗುವುದಿಲ್ಲ. ಇಷ್ಟು ವಿವೇಚನೆ ವಿಜ್ಞಾನ ಕೊಡುತ್ತದೆ. ಆದರೆ ಇಷ್ಟು ಅಪಾಯಕ್ಕೆ ಇಷ್ಟು ಆಟ ಸರಿ ಅಂತ ತೂಗುವುದು ಡಾಕ್ಟರ ಕೆಲಸವಲ್ಲ. ಅದು ಅಪಾಯ ಹೊರುವವರ ಕೆಲಸ. ಹೊರುವವರು ಯಾರು? ಆಡುವ ಹುಡುಗಿ, ಆಕೆಯ ಅವ್ವ, ಬಗಲಲ್ಲಿ ಮಲಗುವ ಅಜ್ಜಿ, ತಂಡ ಕಟ್ಟುವ ಪೀಟಿ ಮಾಸ್ತರು. ಈ ನಾಲ್ವರಲ್ಲಿ ಒಬ್ಬರನ್ನೂ ಯಾವ ಸಭೆಯೂ ಕರೆಯಲಿಲ್ಲ. ಅಜ್ಜಿಯ ಹೆಸರಿನಲ್ಲಿ ಆಟ ನಿಲ್ಲಿಸಿದರು. ಅಜ್ಜಿಯನ್ನೇ ಕೇಳಿದ್ದರೆ ಏನನ್ನುತ್ತಿದ್ದಳೋ! 'ನನ್ನ ಹೆಸರ ಹೇಳಿ ಕೂಸಿನ ಕಾಲ ಕಟ್ಟಬ್ಯಾಡ್ರಿ, ನನಗೊಂದು ಬ್ಯಾರೆ ಖೋಲಿ ಕೊಡ್ರಿ' ಅನ್ನುತ್ತಿದ್ದಳೇನೋ. ಆ ಉತ್ತರ ಪ್ರಭುತ್ವಕ್ಕೆ ತುಟ್ಟಿ. ಆಟ ನಿಲ್ಲಿಸುವುದು ಅಗ್ಗ.

ಇಷ್ಟು ಹೇಳಿ ನಾವು ಜಾರಿಕೊಳ್ಳುವುದಿಲ್ಲ. ನಡೆಯಬೇಕೋ ನಿಲ್ಲಬೇಕೋ ಎಂಬುದಕ್ಕೆ ನಮ್ಮ ಉತ್ತರ ಇಲ್ಲಿದೆ.

ಪಂದ್ಯ ಬೇರೆ, ಆಟ ಬೇರೆ. ಹತ್ತೂರಿನ ಮಕ್ಕಳನ್ನು ಟೆಂಪೋಗಳಲ್ಲಿ ತುಂಬಿ ತಂದು, ಒಂದೇ ಹಾಲಿನಲ್ಲಿ ಮಲಗಿಸಿ, ಮಂದಿ ಸೇರಿಸಿ ನಡೆಸುವ ಕೂಟ ರೋಗದ ಅಲೆ ಏರುವಾಗ ನಿಲ್ಲಲೇಬೇಕು. ಅದನ್ನು ನಡೆಸಿ ಎನ್ನುವವರು ನಮ್ಮವರಲ್ಲ. ಆದರೆ ಊರಿನ ಬಯಲಿನಲ್ಲಿ, ಅದೇ ಊರಿನ ಮಕ್ಕಳು, ಮಾಸ್ತರರ ಕಣ್ಣೆದುರಿಗೆ, ಮೈಗೆ ಮೈ ತಾಗದ ಆಟವನ್ನಾದರೂ ದಿನಕ್ಕೊಂದು ತಾಸು ಆಡುವುದು ಎಲ್ಲಕ್ಕಿಂತ ಕೊನೆಗೆ ನಿಲ್ಲಬೇಕು, ಎಲ್ಲಕ್ಕಿಂತ ಮೊದಲು ಶುರುವಾಗಬೇಕು. ಬಾರು ತೆರೆದ ದಿನ, ಸಮಾವೇಶಕ್ಕೆ ಪರವಾನಗಿ ಕೊಟ್ಟ ದಿನ, ಮಕ್ಕಳ ಬಯಲು ಇನ್ನೂ ಮುಚ್ಚಿದ್ದರೆ ಅದು ರೋಗ ತಡೆಯುವ ಕ್ರಮವಲ್ಲ, ಅನ್ಯಾಯ.

ತಂಡದ ಮಕ್ಕಳಿಗೆ ಆಟದ ಜೊತೆ ಸಿಗುತ್ತಿದ್ದ ಹಾಲು, ತತ್ತಿ, ಬಿಸಿಯೂಟ ಆಟ ನಿಂತರೂ ನಿಲ್ಲಬಾರದು. ಮನೆಗೆ ಅಕ್ಕಿ ಬೇಳೆ ಕೊಟ್ಟೆವು ಅಂದರು. ಮನೆಗೆ ಕೊಟ್ಟದ್ದು ಮನೆಮಂದಿಯ ಗಂಗಾಳಕ್ಕೆ ಹೋಗುತ್ತದೆ, ಮೊದಲು ಗಂಡುಮಗನ ಗಂಗಾಳಕ್ಕೆ. ಶಾಲೆಯಲ್ಲಿ ಕೊಟ್ಟದ್ದು ಹುಡುಗಿಯ ಹೊಟ್ಟೆಗೆ ಹೋಗುತ್ತಿತ್ತು.

ಕಳೆದದ್ದನ್ನು ತಿರುಗಿ ಕೊಡಬೇಕು. 2020ರಿಂದ ಎರಡು ವರ್ಷ ಸೈನ್ಯದ ಭರ್ತಿ ನಿಂತಿತ್ತು. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಈ ಬೆಳಗಾವಿಯ ರಸ್ತೆಗಳಲ್ಲಿ ನಸುಕಿಗೆದ್ದು ಓಡುತ್ತಿದ್ದ ಹುಡುಗರು ವಯಸ್ಸು ಮೀರಿ ಕೂತರು. 2022ರ ಜೂನಿನಲ್ಲಿ ಅಗ್ನಿಪಥ ಬಂದಾಗ ದೇಶದ ತುಂಬ ಹುಡುಗರು ಬೀದಿಗಿಳಿದ ಮೇಲೆ ಆ ಒಂದು ಸಲದ ಮಟ್ಟಿಗೆ ವಯಸ್ಸಿನ ಮಿತಿಯನ್ನು 21ರಿಂದ 23ಕ್ಕೆ ಏರಿಸಿದರು. ಆ ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ಕಳೆದ ವರ್ಷವನ್ನು ಕಾಗದದ ಮೇಲೆ ತಿರುಗಿ ಕೊಡಲು ಬರುತ್ತದೆ ಅನ್ನೋದಂತೂ ಸಾಬೀತಾಯಿತು. ಬಂದೂಕು ಹಿಡಿಯುವವನಿಗೆ ಬರುವುದಾದರೆ ಖೋಖೋ ಆಡುವವಳಿಗೂ ಬರಬೇಕು. ಮುಂದೆ ಯಾವ ರೋಗಕ್ಕೆ ಶಾಲಾ ಕೂಟ ನಿಂತರೂ, ನಿಂತಷ್ಟು ವರ್ಷ ಹದಿನಾಲ್ಕು, ಹದಿನೇಳರ ಗೆರೆ ಮುಂದಕ್ಕೆ ಸರಿಯಬೇಕು. ಇದು ಯಾರ ಗಂಟೂ ಹೋಗದ ಬೇಡಿಕೆ.

ತುರಮುರಿಯ ರೈತನ ಮಗಳು ಮಲಪ್ರಭಾ ಜಾಧವ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಆಡಿ ಕಂಚು ತಂದಾಗ ಬೆಳಗಾವಿ ಪೇಟೆಯಲ್ಲಿ ಮೆರೆಸಿದರು. ಒಳ್ಳೇದೇ. ಪದಕ ಬಂದ ದಿನ ಎಲ್ಲರೂ ಬರುತ್ತಾರೆ. ನಾವು ಮಾತಾಡುತ್ತಿರುವುದು ಪದಕ ತರದ ಸಾವಿರಾರು ಮಕ್ಕಳ ಬಗ್ಗೆ. ಅವರು ಆಡಿದರೆ ದೇಶಕ್ಕೆ ಏನೂ ಸಿಗುವುದಿಲ್ಲ. ಅವರಿಗೆ ಸಿಗುತ್ತದೆ: ಒಂದು ತಾಸು ತನ್ನ ಮೈ ತನ್ನದು ಎಂಬ ಅರಿವು. ತಲೆಮಾರುಗಟ್ಟಲೆ ಬೇರೆಯವರ ಹೊಲಕ್ಕೆ, ಬೇರೆಯವರ ಗಟಾರಕ್ಕೆ, ಬೇರೆಯವರ ಹೆಣಕ್ಕೆ ದುಡಿದ ಮೈ ಯಾರಿಗೂ ಉಪಯೋಗವಿಲ್ಲದ ಒಂದು ಕೆಲಸಕ್ಕೆ ಬೆವರುವುದು ಸಣ್ಣ ಮಾತಲ್ಲ. ಉಳ್ಳವರು ಇದನ್ನು ಮೋಜು ಅನ್ನುತ್ತಾರೆ, ಯಾಕೆಂದರೆ ಅವರ ಮೈ ಯಾವತ್ತೂ ಅವರದೇ ಆಗಿತ್ತು.

ಗೆಳೆಯರೇ, ಪ್ರತಿ ಸರಕಾರಿ ಶಾಲೆಗೂ ಶಾಲಾಭಿವೃದ್ಧಿ ಸಮಿತಿ ಅಂತ ಇದೆ. ಅದರಲ್ಲಿ ನಮ್ಮ ಅವ್ವಂದಿರೂ ಸದಸ್ಯರಿದ್ದಾರೆ. ಹೆಬ್ಬೆಟ್ಟು ಒತ್ತಿಸಿಕೊಂಡು ಚಾ ಕುಡಿಸಿ ಕಳಿಸುತ್ತಾರೆ. ಮುಂದಿನ ಸಭೆಗೆ ನಾವು ಓದಿದ ಮಕ್ಕಳು ಅವರ ಸಂಗಡ ಹೋಗೋಣ. ಮುಂದೆ ರೋಗ ಬಂದರೆ ಈ ಶಾಲೆಯ ಬಯಲನ್ನು ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು, ಯಾರನ್ನು ಕೇಳಿ ಎಂಬುದನ್ನು ಈಗಲೇ, ರೋಗವಿಲ್ಲದ ಈ ಹೊತ್ತಿನಲ್ಲೇ, ಠರಾವು ಮಾಡಿ ಬರೆಸೋಣ. ಬರೆದದ್ದನ್ನು ಅವ್ವನಿಗೆ ಓದಿ ಹೇಳಿ, ಆಕೆ ಹ್ಞೂಂ ಅಂದ ಮೇಲೆ ಹೆಬ್ಬೆಟ್ಟು ಒತ್ತಲಿ.